ಹಳೇ ರಂದದ ಮಷೀನಿನ ಬೆಲ್ಟ್: ಕಿರುಚಿದರೆ, ಜಾರಿದರೆ, ಕಳಚಿಕೊಂಡರೆ ಏನೇನು ನೋಡಬೇಕು

ರಂದದ ಮಷೀನು ಕಿರುಚತೊಡಗಿದರೆ ಹೆಚ್ಚಿನವರು ಮೊದಲು ಹೊಸ ಬೆಲ್ಟ್ ತರುತ್ತಾರೆ. ಹಾಕಿದ ಸ್ವಲ್ಪ ದಿನಕ್ಕೆ ಮತ್ತೆ ಅದೇ ಸದ್ದು. ಆಗ ಬೆಲ್ಟ್ ಕಂಪನಿಯನ್ನು ಬೈಯುತ್ತಾರೆ, ಇನ್ನೊಂದು ಬೆಲ್ಟ್ ತರುತ್ತಾರೆ. ಬೆಲ್ಟ್ ತಾನಾಗಿ ಕೆಡುವುದು ಕಡಿಮೆ. ಸವೆದ ಪುಲ್ಲಿ (ಬೆಲ್ಟ್ ಓಡುವ ಗಾಲಿ), ಓರೆಯಾದ ಮೋಟಾರ್, ಹಿಡಿದುಕೊಂಡ ಬೇರಿಂಗ್, ಇವು ಅದನ್ನು ಕೆಡಿಸುತ್ತವೆ. ಹಳೇ ಬೆಲ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡುವವರೆಗೆ ಅಂಗಡಿಗೆ ಹೋಗಬೇಡಿ.

ಇಲ್ಲಿ ಹೇಳಿರುವುದು ಮೈಸೂರು, ಮಂಡ್ಯದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಕಾಣುವ 2–3 ಎಚ್‌ಪಿ ಮೋಟಾರಿನ, ಒಂದೋ ಎರಡೋ ವಿ-ಬೆಲ್ಟ್ (ತಳಕ್ಕೆ ಹೋದಂತೆ ಕಿರಿದಾಗುವ ಬೆಲ್ಟ್) ಇರುವ ರಂದದ ಮಷೀನು, ಅಂದರೆ ಸರ್ಫೇಸ್ ಪ್ಲೇನರ್ ಬಗ್ಗೆ. ವೃತ್ತಾಕಾರದ ಗರಗಸ, ಮರದ ಲೇತ್, ಡ್ರಿಲ್ಲಿಂಗ್ ಮಷೀನುಗಳಿಗೂ ಬಹುಪಾಲು ಇದೇ ಅನ್ವಯ. ಅಗಲವಾದ ಚಪ್ಪಟೆ ಬೆಲ್ಟಿನ ಲೆಕ್ಕ ಬೇರೆ, ಅದನ್ನು ಇಲ್ಲಿ ಸೇರಿಸಿಲ್ಲ.

ಕವರ್ ಬಿಚ್ಚುವ ಮುನ್ನ

ಮೈನ್ ಆಫ್ ಮಾಡಿ, ಫ್ಯೂಸ್ ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಪ್ಲಗ್ ಇರುವ ಮಷೀನಾದರೆ ಪ್ಲಗ್ ಕಿತ್ತು, ಕಣ್ಣಿಗೆ ಕಾಣುವಂತೆ ಮಷೀನಿನ ಮೇಲೆ ಇಡಿ. ಕರೆಂಟ್ ಹೋಗಿದೆಯಲ್ಲ ಎಂದು ಕೈ ಹಾಕುವುದು ಅತಿ ಅಪಾಯದ ಅಭ್ಯಾಸ. ಹಳೇ ಸ್ವಿಚ್ಚುಗಳಲ್ಲಿ ಕರೆಂಟ್ ಬಂದ ಕ್ಷಣವೇ ಮೋಟಾರ್ ಹೊರಟುಬಿಡುತ್ತದೆ.

ಬೆಲ್ಟ್ ಎಳೆದರೆ ಕಟರ್ ಬ್ಲಾಕ್, ಅಂದರೆ ಬ್ಲೇಡುಗಳನ್ನು ಹಿಡಿದಿರುವ ಉರುಳೆ, ತಿರುಗುತ್ತದೆ, ಬ್ಲಾಕ್ ತಿರುಗಿದರೆ ಬ್ಲೇಡ್ ಕೈಗೆ ಬರುತ್ತದೆ. ಆದ್ದರಿಂದ ಬ್ಲೇಡಿನ ಮೇಲೆ ಗಾರ್ಡ್ ಮುಚ್ಚಿರಲಿ, ಟೇಬಲ್ಲಿನ ಸಂದಿಯ ಹತ್ತಿರ ಬೆರಳು ಬೇಡ. ಬ್ಲಾಕನ್ನು ಕೈಯಿಂದ ತಿರುಗಿಸಬೇಕಾದರೆ ಪುಲ್ಲಿ ಹಿಡಿದೇ ತಿರುಗಿಸಿ. ಹೆಗಲ ಮೇಲಿನ ಟವೆಲ್, ಕೈಯ ಕಡಗ, ಕೊರಳ ದಾರ ತೆಗೆದಿಡಿ, ಪಂಚೆ, ಲುಂಗಿ ಉಟ್ಟು ಈ ಕೆಲಸಕ್ಕೆ ಕೂರಬೇಡಿ. ಕವರ್ ಇಲ್ಲದೆ ಮಷೀನು ಓಡಿಸಿ ಬೆಲ್ಟನ್ನು ನೋಡಲೇಬೇಕಾದರೆ ಎರಡು ಮಾರು ದೂರದಲ್ಲಿ, ಬೆಲ್ಟಿನ ನೇರಕ್ಕೆ ನಿಲ್ಲದೆ, ಪಕ್ಕಕ್ಕೆ ನಿಂತು ನೋಡಿ. ತುಂಡಾದ ಬೆಲ್ಟ್ ಹಾರುವುದು ಪುಲ್ಲಿಯ ನೇರಕ್ಕೇ.

ಸ್ಟಾರ್ಟ್ ಮಾಡಿದಾಗ ಕಿರುಚುತ್ತದೆ

ಎರಡು ಮೂರು ಸೆಕೆಂಡು ಕಿರುಚಿ ಸುಮ್ಮನಾದರೆ ಬೆಲ್ಟ್ ಸಡಿಲ. ಮೋಟಾರ್ ಒಮ್ಮೆಗೇ ಎಳೆಯುತ್ತದೆ, ಬ್ಲಾಕ್ ಅಷ್ಟು ಬೇಗ ವೇಗ ಹಿಡಿಯುವುದಿಲ್ಲ, ನಡುವೆ ಬೆಲ್ಟ್ ಜಾರುತ್ತದೆ. ಮೊದಲು ನೋಡಬೇಕಾದ್ದು ಮೋಟಾರ್ ಕೂತ ಪಟ್ಟಿಯನ್ನು. ಬಹಳಷ್ಟು ಹಳೇ ಮಷೀನುಗಳಲ್ಲಿ ಮೋಟಾರ್ ಒಂದು ಕೀಲಿನ ಪ್ಲೇಟಿನ ಮೇಲೆ ತೂಗುತ್ತಿರುತ್ತದೆ, ಅದರ ಭಾರವೇ ಬೆಲ್ಟಿಗೆ ಬಿಗುವು. ಆ ಕೀಲಿಗೆ ಹೊಟ್ಟು ತುಂಬಿ, ತುಕ್ಕು ಹಿಡಿದರೆ ಪ್ಲೇಟು ಇದ್ದಲ್ಲೇ ನಿಂತುಬಿಡುತ್ತದೆ. ಬೆಲ್ಟ್ ಸವೆಯುತ್ತಾ ಹೋದರೂ ಮೋಟಾರ್ ಕೆಳಗಿಳಿಯುವುದಿಲ್ಲ. ಹೊಟ್ಟು ಕೆರೆದು, ಕೀಲಿಗೆ ಎರಡು ಹನಿ ಎಣ್ಣೆ ಬಿಟ್ಟು, ಮೋಟಾರನ್ನು ಒಮ್ಮೆ ಮೇಲೆತ್ತಿ ಬಿಟ್ಟು ನೋಡಿ. ಖರ್ಚಿಲ್ಲದೆ ವಾಸಿಯಾಗುವ ಕಾಯಿಲೆ ಇದು. ಎಣ್ಣೆ ಬೆಲ್ಟಿಗೆ ತಾಗದಂತೆ ಅಡ್ಡ ಒಂದು ರಟ್ಟು ಹಿಡಿದಿರಿ.

ಕಿರುಚಾಟ ನಿಲ್ಲದೆ ಮುಂದುವರಿದರೆ ಬೆಲ್ಟಿನ ಪಕ್ಕಗಳು ನುಣುಪಾಗಿ ಹೊಳಪು ಹಿಡಿದಿರುತ್ತವೆ, ಇಲ್ಲವೇ ಪುಲ್ಲಿಯ ಗ್ರೂವ್‌ನಲ್ಲಿ (ಬೆಲ್ಟ್ ಕೂರುವ ಕಾಲುವೆಯಲ್ಲಿ) ಎಣ್ಣೆ, ಗ್ರೀಸ್ ಇರುತ್ತದೆ. ತೇಗದಲ್ಲಿ ಸಹಜವಾಗಿ ಎಣ್ಣೆಯಂಶವಿದೆ. ಅದರ ನಯವಾದ ಪುಡಿ ಬಿಸಿಗೆ ಗ್ರೂವ್‌ನಲ್ಲಿ ಅಂಟಿ ಕಪ್ಪು ಪದರವಾಗುತ್ತದೆ. ಬೀಟೆಯ ಪುಡಿಯೂ ಹಾಗೆಯೇ ಕೂರುತ್ತದೆ, ಮೂಗಿಗೂ ಚರ್ಮಕ್ಕೂ ಅದು ಒಳ್ಳೆಯದಲ್ಲ, ಮಾಸ್ಕ್ ಹಾಕಿಕೊಂಡು ಕೆರೆಯಿರಿ. ಬೆಲ್ಟ್ ಬಿಚ್ಚಿದ ಮೇಲೆ ಗ್ರೂವನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಸ್ವಲ್ಪ ಸೀಮೆಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣಬಟ್ಟೆಯಿಂದ ಪೂರ್ತಿ ಒರೆಸಿ ಒಣಗಿಸಿ. ಬೆಲ್ಟಿಗೆ ಮಾತ್ರ ಸೀಮೆಎಣ್ಣೆ ತಾಗಬಾರದು, ರಬ್ಬರ್ ಉಬ್ಬುತ್ತದೆ.

ಸದ್ದು ನಿಲ್ಲಿಸಲು ಸೋಪು, ರಾಳದ ಪುಡಿ ಹಾಕುವವರಿದ್ದಾರೆ. ವಿ-ಬೆಲ್ಟ್ ಹಿಡಿಯುವುದು ಎರಡು ಪಕ್ಕಗಳ ಒತ್ತಡದಿಂದ, ಅದಕ್ಕೆ ಅಂಟು ಬೇಡ. ರಾಳ ಒಂದು ದಿನ ಹಿಡಿಸಿದಂತೆ ಕಾಣುತ್ತದೆ, ಆಮೇಲೆ ಹೊಟ್ಟನ್ನು ಕೂಡಿಸಿಕೊಂಡು ಗಟ್ಟಿ ಪದರವಾಗಿ ಬೆಲ್ಟನ್ನು ತಿನ್ನುತ್ತದೆ. ಓಡುತ್ತಿರುವ ಬೆಲ್ಟಿನ ಹತ್ತಿರ ಕೈಯಲ್ಲಿ ಸೋಪು ಹಿಡಿದು ಹೋಗುವುದಂತೂ ಬೇಡವೇ ಬೇಡ.

ಮೋಟಾರ್ ಓಡುತ್ತದೆ, ಮರ ಕೊಟ್ಟರೆ ಬ್ಲಾಕ್ ನಿಲ್ಲುತ್ತದೆ

ಮೊದಲು ಮರ ಎಷ್ಟು ಕೊಡುತ್ತಿದ್ದೀರಿ, ಬ್ಲೇಡ್ ಹೇಗಿದೆ ನೋಡಿ. ಮೊಂಡ ಬ್ಲೇಡಿನಲ್ಲಿ ಒಣಗಿದ ಹೊನ್ನೆಯನ್ನೋ ಮತ್ತಿಯನ್ನೋ ಒಂದೇ ಸಲಕ್ಕೆ ಮೂರು ಮಿ.ಮೀ. ತೆಗೆಯಹೊರಟರೆ ಎಂಥ ಬೆಲ್ಟೂ ಜಾರುತ್ತದೆ. ಅರ್ಧ ಮಿ.ಮೀ.ಗೆ ಇಳಿಸಿ ನೋಡಿ. ಆಗಲೂ ನಿಂತರೆ ಬೆಲ್ಟಿನ ಬಿಗುವು, ಆಮೇಲೆ ಪುಲ್ಲಿ.

ಬೆಲ್ಟ್ ಸರಿಯಾಗಿಯೇ ಬಿಗಿಯಾಗಿದ್ದು ಜಾರುತ್ತಿದ್ದರೆ ಗ್ರೂವ್ ಸವೆದಿದೆ. ಬೆಲ್ಟಿನ ಮೇಲ್ಮೈ ಪುಲ್ಲಿಯ ಅಂಚಿಗೆ ಸಮವಾಗಿಯೋ ಕೂದಲೆಳೆಯಷ್ಟು ಮೇಲಾಗಿಯೋ ಕೂರಬೇಕು. ಒಳಕ್ಕೆ ಇಳಿದು, ಬೆಲ್ಟಿನ ತಳ ಗ್ರೂವ್‌ನ ತಳಕ್ಕೆ ತಾಗುತ್ತಿದ್ದರೆ ಪಕ್ಕಗಳ ಹಿಡಿತ ಹೋಯಿತು. ಟಾರ್ಚ್ ಬಿಟ್ಟು ಗ್ರೂವ್‌ನ ತಳ ನೋಡಿ. ಅಲ್ಲಿ ಹೊಳೆಯುತ್ತಿದ್ದರೆ ಬೆಲ್ಟ್ ತಳಕ್ಕೆ ತಾಗಿದೆ ಎಂದೇ ಅರ್ಥ. ಹೊಸ ಬೆಲ್ಟಿನ ಒಂದು ತುಂಡನ್ನು ಗ್ರೂವ್‌ಗೆ ಇಟ್ಟು ಬೆಳಕಿಗೆ ಹಿಡಿಯಿರಿ. ಪಕ್ಕದ ಗೋಡೆ ಮಧ್ಯದಲ್ಲಿ ತಗ್ಗಾಗಿ, ಸುಮಾರು 0.8 ಮಿ.ಮೀ.ಗಿಂತ ಹೆಚ್ಚು ಸಂದಿ ಕಂಡರೆ ಪುಲ್ಲಿ ಬದಲಿಸಲೇಬೇಕು. ಅಲ್ಯುಮಿನಿಯಂ ಪುಲ್ಲಿ ಬೀಡಿನ (ಎರಕದ ಕಬ್ಬಿಣದ) ಪುಲ್ಲಿಗಿಂತ ಬೇಗ ಸವೆಯುತ್ತದೆ, ಹೊಟ್ಟು ಬೀಳುವ ಜಾಗದಲ್ಲಿ ಇನ್ನೂ ಬೇಗ.

ಇನ್ನೊಂದು ಸಾಧ್ಯತೆ ಪುಲ್ಲಿಯೇ ಶಾಫ್ಟಿನ ಮೇಲೆ ಜಾರುವುದು. ಬೆಲ್ಟ್ ತಿರುಗುತ್ತಿದೆ, ಪುಲ್ಲಿ ತಿರುಗುತ್ತಿದೆ, ಬ್ಲಾಕ್ ಮಾತ್ರ ನಿಂತಿದೆ ಎಂದರೆ ಇದೇ. ಶಾಫ್ಟ್ ತುದಿಗೂ ಪುಲ್ಲಿಗೂ ಸೇರಿಸಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಕವರ್ ಹಾಕಿ ಒಮ್ಮೆ ಓಡಿಸಿ ನಿಲ್ಲಿಸಿ ನೋಡಿ. ಗೆರೆ ಮುರಿದಿದ್ದರೆ ಪುಲ್ಲಿಯನ್ನು ಶಾಫ್ಟಿಗೆ ಬಿಗಿಯುವ ಗ್ರಬ್ ಸ್ಕ್ರೂ ಸಡಿಲ, ಅಥವಾ ಕೀ (ಪುಲ್ಲಿಗೂ ಶಾಫ್ಟಿಗೂ ನಡುವೆ ಕೂರುವ ಲೋಹದ ತುಂಡು) ಕತ್ತರಿಸಿದೆ. ಸ್ಟಾರ್ಟ್ ಮಾಡುವಾಗ ಟಕ್ ಎಂದು ಒಂದು ಪೆಟ್ಟು ಕೇಳಿದರೆ ಕೀ ಕೂರುವ ಜಾಗ ಅಗಲವಾಗಿದೆ. ಗ್ರಬ್ ಸ್ಕ್ರೂ ಎಷ್ಟು ಬಿಗಿದರೂ ಅದು ನಿಲ್ಲುವುದಿಲ್ಲ, ಲೇತ್ ಅಂಗಡಿಯಲ್ಲಿ ಹೊಸ ಕೀ ಮಾಡಿಸಬೇಕು.

ಗುಂಯ್ ಎನ್ನುತ್ತದೆ, ತಿರುಗುವುದೇ ಇಲ್ಲ

ತಕ್ಷಣ ಆಫ್ ಮಾಡಿ. ತಿರುಗದೆ ನಿಂತ ಮೋಟಾರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ವೈಂಡಿಂಗ್ ಸುಡಲು ಹೆಚ್ಚು ಹೊತ್ತು ಬೇಡ.

ದೋಷ ಮೋಟಾರಿನದೋ ಮಷೀನಿನದೋ ಎಂದು ಬೇರ್ಪಡಿಸುವ ಅತಿ ಒಳ್ಳೆಯ ಪರೀಕ್ಷೆ ಬೆಲ್ಟ್ ಬಿಚ್ಚುವುದು. ಮೈನ್ ಆಫ್ ಇಟ್ಟು ಬೆಲ್ಟ್ ತೆಗೆದು, ಎರಡೂ ಪುಲ್ಲಿಗಳನ್ನು ಕೈಯಲ್ಲಿ ತಿರುಗಿಸಿ. ಬ್ಲಾಕ್ ಪುಲ್ಲಿ ಗಟ್ಟಿಯಾಗಿದ್ದರೆ, ಮರಳು ಸಿಕ್ಕಂತೆ ಕರಕರ ಎಂದರೆ, ಬೇರಿಂಗ್ ಹೋಗಿದೆ ಅಥವಾ ಬ್ಲಾಕಿಗೂ ಟೇಬಲ್ಲಿಗೂ ನಡುವೆ ಚಕ್ಕೆ ಸಿಕ್ಕಿದೆ. ಎರಡೂ ಹಗುರವಾಗಿ ತಿರುಗಿದರೆ, ಬೆಲ್ಟ್ ಇಲ್ಲದೆಯೇ ಕವರ್ ಹಾಕಿ ಮೋಟಾರನ್ನು ಒಮ್ಮೆ ಆನ್ ಮಾಡಿ. ಬೆಲ್ಟ್ ಇಲ್ಲದೆಯೂ ಗುಂಯ್ ಎಂದರೆ ಬೆಲ್ಟಿಗೂ ಇದಕ್ಕೂ ಸಂಬಂಧವಿಲ್ಲ. ಸಿಂಗಲ್ ಫೇಸ್ ಮೋಟಾರಾದರೆ ಮೊದಲ ಅನುಮಾನ ಕೆಪಾಸಿಟರ್ ಮೇಲೆ. ತ್ರೀ ಫೇಸಾದರೆ ಒಂದು ಫೇಸ್ ಬರುತ್ತಿಲ್ಲ, ಫ್ಯೂಸ್ ಹೋಗಿರಬಹುದು, ಸ್ಟಾರ್ಟರಿನ ಒಂದು ಪಾಯಿಂಟ್ ಸುಟ್ಟಿರಬಹುದು. ಇಲ್ಲಿಂದ ಮುಂದೆ ವೈರ್‌ಮನ್ ಕೆಲಸ. ಕೆಪಾಸಿಟರ್‌ನಲ್ಲಿ ಮೈನ್ ಆಫ್ ಆದ ಮೇಲೂ ಕರೆಂಟ್ ಉಳಿದಿರುತ್ತದೆ, ಅದರ ತುದಿಗಳನ್ನು ಮುಟ್ಟಬೇಡಿ. ಶಾಫ್ಟಿಗೆ ಹಗ್ಗ ಸುತ್ತಿ ಎಳೆದು ಮೋಟಾರ್ ಹೊರಡಿಸುವ ಸಾಹಸವಂತೂ ಖಂಡಿತ ಬೇಡ.

ಬೆಳಗ್ಗೆ ಸರಿಯಾಗಿ ಹೊರಡುವ ಮಷೀನು ಸಂಜೆ ಮಾತ್ರ ತಡವರಿಸಿದರೆ ವೋಲ್ಟೇಜ್ ನೋಡಿಸಿ. ಸಿಂಗಲ್ ಫೇಸಿಗೆ 230, ತ್ರೀ ಫೇಸಿನಲ್ಲಿ ಎರಡು ಫೇಸುಗಳ ನಡುವೆ 415 ಇರಬೇಕು. ಇಂಡಕ್ಷನ್ ಮೋಟಾರಿನಲ್ಲಿ ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ತಿರುಗಿಸುವ ಬಲ ಸುಮಾರು ನೂರಕ್ಕೆ ಹತ್ತೊಂಬತ್ತು ಇಳಿಯುತ್ತದೆ. ಮೋಟಾರ್ ಓಡುವಾಗ ಅಳೆಯಬೇಕು, ನಿಂತಾಗ ಅಳೆದರೆ ಎಲ್ಲವೂ ಸರಿಯಾಗಿಯೇ ತೋರುತ್ತದೆ. ಎಕ್ಸ್‌ಟೆನ್ಷನ್ ವೈರ್ ತೆಳ್ಳಗಿದ್ದು ಉದ್ದವಾಗಿದ್ದರೂ ಇದೇ ತೊಂದರೆ.

ವೈರಿಂಗ್ ಬಿಚ್ಚಿ ಕಟ್ಟಿದ ಮೇಲೆ ಬೆಲ್ಟ್ ಹಾಕುವ ಮುಂಚೆ ಮೋಟಾರ್ ಯಾವ ಕಡೆಗೆ ತಿರುಗುತ್ತದೆ ಎಂದು ನೋಡಿಕೊಳ್ಳಿ. ತ್ರೀ ಫೇಸಿನಲ್ಲಿ ಎರಡು ವೈರು ಅದಲುಬದಲಾದರೆ ಸಾಕು, ಬ್ಲಾಕ್ ಉಲ್ಟಾ ತಿರುಗುತ್ತದೆ.

ದಡದಡ ಸದ್ದು, ಟೇಬಲ್ ನಡುಗುತ್ತದೆ

ತಿಂಗಳುಗಟ್ಟಲೆ ನಿಂತ ಮಷೀನಾದರೆ ಬೆಲ್ಟ್ ಪುಲ್ಲಿಯ ಆಕಾರಕ್ಕೇ ಬಾಗಿ ಗಟ್ಟಿಯಾಗಿರುತ್ತದೆ. ಹತ್ತು ಹದಿನೈದು ನಿಮಿಷ ಮರ ಕೊಡದೆ ಓಡಿಸಿ. ಸದ್ದು ಕಡಿಮೆಯಾಗುತ್ತಾ ಬಂದರೆ ಚಿಂತೆಯಿಲ್ಲ. ಕಡಿಮೆಯಾಗದಿದ್ದರೆ ಬೆಲ್ಟ್ ಬಿಚ್ಚಿ, ಮೋಟಾರ್ ಒಂದನ್ನೇ ಓಡಿಸಿ. ಆಗಲೂ ನಡುಕ ಇದ್ದರೆ ಮೋಟಾರ್ ಪುಲ್ಲಿ ಓಲಾಡುತ್ತಿದೆ, ಇಲ್ಲವೇ ಮೋಟಾರ್ ಬೇರಿಂಗ್. ಪುಲ್ಲಿಯ ಅಂಚಿನ ಹತ್ತಿರ ಒಂದು ಪೆನ್ಸಿಲನ್ನು ಮರದ ತುಂಡಿಗೆ ಕಟ್ಟಿ ನಿಲ್ಲಿಸಿ, ಮೈನ್ ಆಫ್ ಇಟ್ಟು ಪುಲ್ಲಿಯನ್ನು ಕೈಯಲ್ಲಿ ಸುತ್ತಿಸಿ. ಪೆನ್ಸಿಲಿಗೂ ಅಂಚಿಗೂ ನಡುವಿನ ಸಂದಿ ಹೆಚ್ಚು ಕಡಿಮೆಯಾಗುತ್ತಿದ್ದರೆ ಪುಲ್ಲಿ ಓರೆ ಅಥವಾ ಶಾಫ್ಟ್ ಬಾಗಿದೆ. ನಡುಕ ಬ್ಲೇಡ್ ಬದಲಿಸಿದ ದಿನದಿಂದಲೇ ಶುರುವಾಗಿದ್ದರೆ ಬೆಲ್ಟಿನ ಗೊಡವೆಗೇ ಹೋಗಬೇಡಿ. ಬ್ಲೇಡುಗಳ ತೂಕ ಸಮವಿಲ್ಲ ಅಥವಾ ಒಂದು ಬ್ಲೇಡಿನ ಬೋಲ್ಟು ಸಡಿಲವಿದೆ. ಸಡಿಲ ಬ್ಲೇಡ್ ಹಾರಿದರೆ ಜೀವಕ್ಕೇ ಅಪಾಯ. ಅದನ್ನು ಪರೀಕ್ಷಿಸದೆ ಮತ್ತೆ ಸ್ವಿಚ್ ಹಾಕಬೇಡಿ.

ಬೆಲ್ಟ್ ಕಳಚಿಕೊಳ್ಳುತ್ತದೆ ಅಥವಾ ಗ್ರೂವ್‌ನಲ್ಲೇ ಮಗುಚಿಕೊಳ್ಳುತ್ತದೆ

ಎರಡು ಪುಲ್ಲಿ ಒಂದೇ ನೇರಕ್ಕಿಲ್ಲ ಎಂಬುದು ಮೊದಲ ಕಾರಣ. ನೇರವಾದ ಒಂದು ರಿಪೀಸನ್ನೋ (ಮರದ ಪಟ್ಟಿ) ಉದ್ದನೆಯ ಸ್ಕೇಲನ್ನೋ ಎರಡೂ ಪುಲ್ಲಿಗಳ ಮುಖಕ್ಕೆ ಒತ್ತಿ ಹಿಡಿಯಿರಿ. ನಾಲ್ಕು ಕಡೆ ತಾಗಬೇಕು, ಅಂದರೆ ಪ್ರತಿ ಪುಲ್ಲಿಯ ಎರಡೂ ಅಂಚುಗಳಿಗೆ. ಒಂದು ಪುಲ್ಲಿಗೆ ತಾಗಿ ಇನ್ನೊಂದರ ಎರಡೂ ಅಂಚಿನಲ್ಲಿ ಒಂದೇ ಅಳತೆಯ ಸಂದಿ ಬಿಟ್ಟರೆ ಪುಲ್ಲಿಯನ್ನು ಶಾಫ್ಟಿನ ಮೇಲೆ ಸರಿಸಿದರೆ ಆಯಿತು. ಒಂದು ಅಂಚು ತಾಗಿ ಇನ್ನೊಂದು ಅಂಚು ಬಿಟ್ಟರೆ ಮೋಟಾರೇ ಓರೆಯಾಗಿ ಕೂತಿದೆ, ತಳದ ಬೋಲ್ಟು ಸಡಿಲಿಸಿ ತಿರುಗಿಸಬೇಕು. ಎರಡು ಪುಲ್ಲಿಗಳ ಅಂಚಿನ ದಪ್ಪ ಬೇರೆಯಾಗಿದ್ದರೆ ಈ ಪರೀಕ್ಷೆ ಮೋಸ ಮಾಡುತ್ತದೆ, ಆಗ ಗ್ರೂವ್‌ನ ನಡುವಿಗೆ ದಾರ ಹಿಡಿದು ನೋಡಿ. ಒಂದೂವರೆ ಅಡಿ ಅಂತರಕ್ಕೆ ಒಂದು ಮಿ.ಮೀ. ಒಳಗೆ ತಂದರೆ ಬೆಲ್ಟ್ ಬಹಳ ಕಾಲ ಬರುತ್ತದೆ.

ಎರಡನೆಯ ಕಾರಣ ನಾವೇ ಮಾಡುವ ಪೆಟ್ಟು. ಮೋಟಾರ್ ಬೋಲ್ಟು ಸಡಿಲಿಸುವ ಸೋಮಾರಿತನಕ್ಕೆ ಸ್ಕ್ರೂಡ್ರೈವರ್ ಹಾಕಿ ಮೀಟಿ ಬೆಲ್ಟ್ ಏರಿಸಿದರೆ ಒಳಗಿನ ನೂಲು ಒಂದು ಪಕ್ಕದಲ್ಲಿ ಕಿತ್ತುಹೋಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಕೆಲವೇ ದಿನಗಳಲ್ಲಿ ಆ ಪಕ್ಕ ಹಿಗ್ಗಿ, ಬೆಲ್ಟ್ ಗ್ರೂವ್‌ನಲ್ಲಿ ಮಗುಚಿಕೊಳ್ಳುತ್ತದೆ. ಹೊಸ ಬೆಲ್ಟ್ ಮಗುಚಿತು ಎಂದು ಅಂಗಡಿಗೆ ವಾಪಸ್ ಹೊತ್ತು ತರುವ ಎಷ್ಟೋ ಬೆಲ್ಟುಗಳ ಕಥೆ ಇದೇ.

ಬಿಚ್ಚಿದ ಬೆಲ್ಟಿನ ಮೇಲೆ ಏನು ಬರೆದಿದೆ

ಒರೆಸಿ, ಒಳಮೈ ಹೊರಕ್ಕೆ ಬರುವಂತೆ ಬಗ್ಗಿಸಿ, ಸುತ್ತಲೂ ನೋಡಿ. ಒಂದೇ ಪಕ್ಕ ಸವೆದಿದ್ದರೆ ಪುಲ್ಲಿಗಳು ನೇರಕ್ಕಿಲ್ಲ. ಎರಡೂ ಪಕ್ಕ ಹೊಳಪಾಗಿ ಗಟ್ಟಿಯಾಗಿದ್ದರೆ ಜಾರಿದೆ. ತಳ ಹೊಳಪಾಗಿದ್ದರೆ ಪುಲ್ಲಿ ಸವೆದಿದೆ, ಅಥವಾ ಅಗಲವಾದ ಬಿ ಅಳತೆಯ ಗ್ರೂವ್‌ಗೆ ಕಿರಿದಾದ ಎ ಅಳತೆಯ ಬೆಲ್ಟ್ ಹಾಕಿದ್ದಾರೆ. ಒಳಮೈಯಲ್ಲಿ ಅಡ್ಡಡ್ಡ ಬಿರುಕು ಎಂದರೆ ಬಿಸಿ ಅಥವಾ ವಯಸ್ಸು. ಮುಟ್ಟಿದರೆ ಅಂಟಂಟಾಗಿ ಉಬ್ಬಿದ್ದರೆ ಎಣ್ಣೆ ಕುಡಿದಿದೆ, ಆ ಎಣ್ಣೆ ಎಲ್ಲಿಂದ ಬಂತು ಹುಡುಕಿ, ಬೇರಿಂಗಿಗೆ ವಿಪರೀತ ಗ್ರೀಸ್ ತುಂಬಿರಬಹುದು. ಉಳಿದೆಲ್ಲ ಚೆನ್ನಾಗಿದ್ದು ಒಂದೇ ಜಾಗದಲ್ಲಿ ಸುಟ್ಟು ತಗ್ಗಾಗಿದ್ದರೆ ಬ್ಲಾಕ್ ಸಿಕ್ಕಿಕೊಂಡು ನಿಂತಿದ್ದಾಗ ಮೋಟಾರ್ ಪುಲ್ಲಿ ಅಲ್ಲೇ ಉಜ್ಜಿದೆ. ಈ ಕೊನೆಯದಕ್ಕೆ ಬೆಲ್ಟ್ ಬದಲಿಸಿ ಸುಮ್ಮನಾದರೆ ಸಾಲದು, ಬ್ಲಾಕ್ ಯಾಕೆ ನಿಂತಿತು ಎಂಬುದಕ್ಕೆ ಉತ್ತರ ಸಿಗಬೇಕು.

ಅಳತೆ ಹೇಗೆ

ಬೆಲ್ಟಿನ ಬೆನ್ನಿನ ಮೇಲೆ ಎ-43, ಬಿ-50 ಎಂದು ಅಚ್ಚಾಗಿರುತ್ತದೆ. ಅಕ್ಷರ ದಪ್ಪಕ್ಕೆ, ಅಂಕಿ ಇಂಚಿನಲ್ಲಿ ಒಳಸುತ್ತಳತೆಗೆ. ಎ ಸೆಕ್ಷನ್ ಮೇಲ್ಭಾಗದಲ್ಲಿ 13 ಮಿ.ಮೀ. ಅಗಲ, 8 ಮಿ.ಮೀ. ಎತ್ತರ. ಬಿ 17 ಅಗಲ, 11 ಎತ್ತರ. ಸಿ 22 ಅಗಲ, 14 ಎತ್ತರ. ಹಳೇ ಬೆಲ್ಟಿನ ಅಗಲ ನಂಬಬೇಡಿ, ಸವೆದ ಬಿ ಬೆಲ್ಟ್ ಹದಿನೇಳಕ್ಕಿಂತ ಕಡಿಮೆ ಇರುತ್ತದೆ.

ಅಚ್ಚು ಅಳಿಸಿಹೋಗಿದ್ದರೆ ಪುಲ್ಲಿಯಿಂದಲೇ ಲೆಕ್ಕ ಹಾಕಿ. ಮೋಟಾರ್ ಪುಲ್ಲಿಯ ಹೊರವ್ಯಾಸ 5 ಇಂಚು, ಬ್ಲಾಕ್ ಪುಲ್ಲಿಯದು 3 ಇಂಚು, ಎರಡು ಶಾಫ್ಟುಗಳ ನಡುವೆ 16 ಇಂಚು ಎಂದಿಟ್ಟುಕೊಳ್ಳೋಣ. ನಡುವಿನ ಅಂತರದ ಎರಡರಷ್ಟು 32. ವ್ಯಾಸಗಳ ಮೊತ್ತ 8ನ್ನು 1.57ರಿಂದ ಗುಣಿಸಿದರೆ 12.56. ವ್ಯಾಸಗಳ ವ್ಯತ್ಯಾಸ 2, ಅದರ ವರ್ಗ 4ನ್ನು ಅಂತರದ ನಾಲ್ಕರಷ್ಟರಿಂದ, ಅಂದರೆ 64ರಿಂದ ಭಾಗಿಸಿದರೆ 0.06. ಒಟ್ಟು 44.6 ಇಂಚು. ಇದು ಬೆಲ್ಟಿನ ಹೊರಸುತ್ತು. ಎ ಸೆಕ್ಷನ್ನಿಗೆ ಇದರಿಂದ 2 ಇಂಚು ಕಳೆಯಿರಿ, ಬಿ ಸೆಕ್ಷನ್ನಿಗೆ 3. ಎ ಆದರೆ 42.6, ಹಾಗಾಗಿ ಎ-42 ಅಥವಾ ಎ-43. ಅಂತರ ಅಳೆಯುವಾಗ ಮೋಟಾರ್ ತನ್ನ ಓಡಾಟದ ನಡುವಿನಲ್ಲಿ ಇರಲಿ. ಬೆಲ್ಟ್ ಏರಿಸಲು ಒಳಕ್ಕೂ, ಮುಂದೆ ಬಿಗಿಯಲು ಹೊರಕ್ಕೂ ಜಾಗ ಉಳಿಯಬೇಕು.

ಈ ಪುಲ್ಲಿಗಳಲ್ಲಿ ನಿಮಿಷಕ್ಕೆ 2880 ಸುತ್ತಿನ ಮೋಟಾರ್ ಬ್ಲಾಕನ್ನು ನಿಮಿಷಕ್ಕೆ 4800 ಸುತ್ತು ತಿರುಗಿಸುತ್ತದೆ. ಕೆಲಸ ಬೇಗ ಆಗಲಿ ಎಂದು ಮೋಟಾರಿಗೆ ದೊಡ್ಡ ಪುಲ್ಲಿ ಹಾಕಬೇಡಿ. ಬ್ಲಾಕ್ ಮತ್ತು ಬೇರಿಂಗ್ ತಾಳುವ ವೇಗಕ್ಕೆ ಮಿತಿ ಇದೆ.

ಎರಡು ಬೆಲ್ಟ್ ಇರುವ ಕಡೆ ಒಂದನ್ನೇ ಬದಲಿಸಬೇಡಿ. ಹಳೆಯದು ಹಿಗ್ಗಿರುತ್ತದೆ, ಭಾರವೆಲ್ಲ ಹೊಸದರ ಮೇಲೆ ಬಿದ್ದು ಅದು ಬೇಗ ಹೋಗುತ್ತದೆ. ಎರಡೂ ಒಂದೇ ಕಂಪನಿ, ಒಂದೇ ಅಚ್ಚು ನಂಬರಿನದು ಇರಲಿ. ಮಂಡ್ಯದ ಕಡೆ ಅಕ್ಕಿ ಗಿರಣಿಗೂ ಆಲೆಮನೆಗೂ ಬೆಲ್ಟ್ ಕೊಡುವ ಅಂಗಡಿಗಳಲ್ಲಿ ವಿಚಾರಿಸಿ. ಕೊಳ್ಳುವಾಗ ಬೆಲ್ಟನ್ನು ಹಿಂದಕ್ಕೆ ಬಗ್ಗಿಸಿ ನೋಡಿ. ಸಣ್ಣ ಬಿರುಕು ಕಂಡರೆ ವರ್ಷಗಟ್ಟಲೆ ಬಿಸಿಲಿಗೆ ತೂಗಿದ ಮಾಲು, ಬೇಡ.

ಹಾಕುವುದು, ಬಿಗಿಯುವುದು

ಮೋಟಾರ್ ಬೋಲ್ಟು ಸಡಿಲಿಸಿ, ಬ್ಲಾಕಿನ ಕಡೆಗೆ ಸರಿಸಿ, ಬೆಲ್ಟ್ ಕೈಯಿಂದಲೇ ಸಲೀಸಾಗಿ ಕೂರುವಂತೆ ಮಾಡಿ. ಕೂರದಿದ್ದರೆ ಬೆಲ್ಟ್ ಚಿಕ್ಕದು, ಒತ್ತಾಯ ಬೇಡ. ಮೋಟಾರ್ ಹಿಂದಕ್ಕೆ ಎಳೆದು, ಸ್ಕೇಲ್ ಹಿಡಿದು ನೇರ ನೋಡಿ, ಬೋಲ್ಟು ಬಿಗಿದ ಮೇಲೆ ಮತ್ತೊಮ್ಮೆ ನೋಡಿ. ಬಿಗಿಯುವಾಗಲೇ ಮೋಟಾರ್ ಓರೆಯಾಗುವುದು ಹೆಚ್ಚು.

ಬಿಗುವಿಗೆ ಹೆಬ್ಬೆರಳ ಅಂದಾಜು ಸಾಲದು. ಎರಡು ಪುಲ್ಲಿಗಳ ನಡುವಿನ ಪ್ರತಿ 100 ಮಿ.ಮೀ.ಗೆ 1.6 ಮಿ.ಮೀ. ತಗ್ಗಬೇಕು. 16 ಇಂಚಿನ ಅಂತರಕ್ಕೆ ಕಾಲು ಇಂಚು. ಬೆಲ್ಟಿನ ಮೇಲೆ ರಿಪೀಸ್ ಇಟ್ಟು, ನಡುವೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಹಾಕಿ ಎಳೆಯಿರಿ. ಎ ಸೆಕ್ಷನ್ ಒಂದು ಬೆಲ್ಟಿಗೆ 1ರಿಂದ 1.5 ಕೆ.ಜಿ., ಬಿ ಸೆಕ್ಷನ್ನಿಗೆ 2ರಿಂದ 3 ಕೆ.ಜಿ. ಎಳೆತಕ್ಕೆ ಕಾಲು ಇಂಚು ಬಗ್ಗಿದರೆ ಸರಿ. ಅದಕ್ಕಿಂತ ಕಡಿಮೆ ಎಳೆತಕ್ಕೇ ಬಗ್ಗಿದರೆ ಸಡಿಲ, ಹೆಚ್ಚು ಬೇಕಾದರೆ ಅತಿ ಬಿಗಿ. ಮೋಟಾರಿನ ಭಾರವೇ ಬಿಗುವು ಕೊಡುವ ಕೀಲಿನ ಪ್ಲೇಟಿಗೆ ಈ ಲೆಕ್ಕ ಬೇಡ, ಪ್ಲೇಟು ತಡೆಯಿಲ್ಲದೆ ಇಳಿದರೆ ಸಾಕು.

ಕವರ್ ಹಾಕಿ ಅರ್ಧ ಗಂಟೆ ಓಡಿಸಿ, ಮೈನ್ ಆಫ್ ಮಾಡಿ ಮತ್ತೆ ಅಳೆಯಿರಿ. ಹೊಸ ಬೆಲ್ಟ್ ಗ್ರೂವ್‌ಗೆ ಕೂತ ಮೇಲೆ ಸ್ವಲ್ಪ ಸಡಿಲವಾಗಿಯೇ ಆಗುತ್ತದೆ. ಎರಡು ಮೂರು ದಿನ ಕೆಲಸವಾದ ಮೇಲೆ ಇನ್ನೊಮ್ಮೆ ಬಿಗಿಯಿರಿ. ಈ ಎರಡನೇ ಬಿಗಿತ ತಪ್ಪಿಸಿದ್ದರಿಂದಲೇ ಹೊಸ ಬೆಲ್ಟುಗಳು ಹೆಚ್ಚು ಸುಡುತ್ತವೆ.

ಹೊಸ ಬೆಲ್ಟ್ ಹಾಕಿದ ಮೇಲೆ ಬೇರಿಂಗ್ ಬಿಸಿ, ರಬ್ಬರ್ ವಾಸನೆ

ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಮೈನ್ ಆಫ್ ಮಾಡಿ ಮುಟ್ಟಿ ನೋಡಿ. ಬೇರಿಂಗ್ ಮನೆ ಬಿಸಿಯಾಗಿ ಬೆಲ್ಟ್ ತಣ್ಣಗಿದ್ದರೆ ಅತಿ ಬಿಗಿ. ಪುಲ್ಲಿ ಕೈ ಇಡಲಾರದಷ್ಟು ಬಿಸಿಯಾಗಿದ್ದರೆ ಬೆಲ್ಟ್ ಜಾರುತ್ತಿದೆ. ಪುಲ್ಲಿಯನ್ನು ಬೇರಿಂಗಿನಿಂದ ದೂರಕ್ಕೆ, ಶಾಫ್ಟಿನ ತುದಿಗೆ ಕೂರಿಸಿದ್ದರೂ ಬೇರಿಂಗ್ ಕಾಯುತ್ತದೆ, ಆದಷ್ಟು ಒಳಕ್ಕೆ ಸರಿಸಿ. ಜಾರುವ ಬೆಲ್ಟಿನ ಬಿಸಿಗೆ ಕವರಿನೊಳಗಿನ ಒಣ ಹೊಟ್ಟು ಹೊಗೆಯಾಡಬಹುದು. ವಾಸನೆ ಬಂದ ದಿನ ಕವರ್ ತೆಗೆದು ಹೊಟ್ಟು ಪೂರ್ತಿ ಗುಡಿಸದೆ ಬಾಗಿಲು ಹಾಕಿಕೊಂಡು ಹೋಗಬೇಡಿ. ಒಂದು ಬಕೆಟ್ ಮರಳು ಹತ್ತಿರವಿರಲಿ.

ಇಲ್ಲಿಗೆ ನಿಲ್ಲಿಸಿ

ಬ್ಲಾಕನ್ನು ಅಲುಗಿಸಿದರೆ ಬೇರಿಂಗಿನಲ್ಲಿ ಆಟ ಸಿಗುತ್ತಿದ್ದರೆ, ಶಾಫ್ಟ್ ಬಾಗಿದ್ದರೆ, ಕೀ ಕೂರುವ ಜಾಗ ಹರಿದಿದ್ದರೆ, ಬೀಡಿನ ಪುಲ್ಲಿಯಲ್ಲಿ ಬಿರುಕು ಕಂಡರೆ, ಬೆಲ್ಟ್ ಪಕ್ಕಕ್ಕಿಟ್ಟು ಬ್ಲಾಕನ್ನು ಬಿಚ್ಚಿಸಿ ಲೇತ್ ಅಂಗಡಿಗೆ ಕೊಡಿ. ಬಿರುಕು ಬಿಟ್ಟ ಪುಲ್ಲಿಗೆ ವೆಲ್ಡಿಂಗ್ ಮಾಡಿಸಿ ಓಡಿಸುವುದು ಬೇಡ, ಆ ವೇಗದಲ್ಲಿ ಅದು ಒಡೆದರೆ ಕವರ್ ಕೂಡ ತಡೆಯುವುದಿಲ್ಲ. ಬೇರಿಂಗನ್ನು ಸುತ್ತಿಗೆಯಿಂದ ಹೊಡೆದು ಕಿತ್ತರೆ ಬೇರಿಂಗ್ ಕೂರುವ ಜಾಗವೇ ಹಾಳು. ಪುಲ್ಲರ್ ಇರುವ ಕಡೆಗೇ ಒಯ್ಯಿರಿ, ಹೊಸ ಬೇರಿಂಗ್ ತರುವಾಗ ಹಳೆಯದರ ಪಕ್ಕದಲ್ಲಿ ಕೊರೆದಿರುವ ನಂಬರನ್ನು ಪೂರ್ತಿ, ಹಿಂದೆ ಮುಂದೆ ಇರುವ ಅಕ್ಷರಗಳ ಸಮೇತ ಬರೆದುಕೊಂಡು ಹೋಗಿ. ಮೋಟಾರಿನ ಮೈ ಮುಟ್ಟಿದರೆ ಜುಮ್ ಎಂದರೆ ಅರ್ಥಿಂಗ್ ಹೋಗಿದೆ. ವೈರ್‌ಮನ್ ಬಂದು ನೋಡುವವರೆಗೆ ಫ್ಯೂಸ್ ನಿಮ್ಮ ಜೇಬಿನಲ್ಲೇ ಇರಲಿ.